ಒಂದೇ ಹೆಸರಿನ ಇಬ್ಬರು ಸೋಜರು: ಬಳ್ಳಾರಿ ಸಿಮಿಟ್ರಿಯ ಒಂದು ಪ್ರಕರಣ

ಈ ಪ್ರಕರಣ ಬರೆಯಲು ಎರಡು ವರ್ಷ ಹಿಂದೆಮುಂದೆ ನೋಡಿದೆ. ತಪ್ಪು ನಮ್ಮದೇ ಆಗಿತ್ತು, ಅದಕ್ಕೆ. ಬಳ್ಳಾರಿಯ ಹಳೇ ಸಿಮಿಟ್ರಿಯಲ್ಲಿ, ಅಂದರೆ ಕ್ರೈಸ್ತರ ಸ್ಮಶಾನದಲ್ಲಿ, ಒಬ್ಬ ಸೋಜರನ (ಇಂಗ್ಲಿಷ್ ಸೈನಿಕನ) ಗೋರಿ ಹುಡುಕಿಕೊಡುತ್ತೇವೆ ಎಂದು ಹೊರಟೆವು. ಬೇರೆ ಯಾರದೋ ಗೋರಿಯ ಫೋಟೋ ಕಳಿಸಿ, "ಇವರೇ ನಿಮ್ಮವರು" ಅಂದುಬಿಟ್ಟೆವು. ಅದನ್ನು ಸರಿ ಮಾಡಲು ಏಳು ತಿಂಗಳು ಹಿಡಿಯಿತು. ಹಳೇ ಗೋರಿಗಳ ಬೆನ್ನು ಹತ್ತುವವರು ಈಗ ನಮ್ಮ ಕಡೆಯೂ ಜಾಸ್ತಿ ಆಗುತ್ತಿದ್ದಾರೆ. ಅವರಿಗೆ ನಾವು ಎಡವಿದ ಜಾಗ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಹೆಸರುಗಳನ್ನೆಲ್ಲ ಬಿಟ್ಟಿದ್ದೇನೆ. ಸೈನಿಕನ ಹೆಸರು, ಅವನ ಪಲ್ಟನ್ನು (ರೆಜಿಮೆಂಟು), ಸಿಮಿಟ್ರಿ ಯಾವುದು, ಪತ್ರ ಬರೆದ ಹೆಣ್ಣುಮಗಳು ಯಾವ ಊರಿನವರು, ಯಾವುದೂ ಇಲ್ಲಿ ಇಲ್ಲ. ಮನೆಯವರ ಗುರುತು ಹತ್ತದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಬಳ್ಳಾರಿಯಲ್ಲಿ ಇಂಗ್ಲಿಷ್ ಸೈನಿಕರ ಗೋರಿ ಯಾಕಿವೆ ಎಂದು ನಮ್ಮ ಕಾಲೇಜು ಹುಡುಗರೇ ಕೇಳುತ್ತಾರೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಮೊದಲ ಕಲೆಕ್ಟರ್ ಆಗಿ ಬಂದ. ಅದರ ಹಿಂದೆಯೇ ದಂಡು ಬಂತು. ಒಂದು ಕಡೆ ಕೋಟೆ ಗುಡ್ಡ, ಇನ್ನೊಂದು ಕಡೆ ಬಯಲು. ಬಯಲಲ್ಲಿ ಬ್ಯಾರಕ್ಕು, ಪರೇಡ್ ಮೈದಾನ, ಚರ್ಚು ಎದ್ದವು. ದಂಡಿಗೆ ದಿನಸಿ, ಬಟ್ಟೆ, ಹಾಲು ಒದಗಿಸುವವರಿಂದ ಕೌಲ್ ಬಜಾರ್ ಬೆಳೆಯಿತು. ಕಂಟೋನ್ಮೆಂಟ್ ಎನ್ನುವ ಹೆಸರು ಈಗಲೂ ಆಟೋದವರ ಬಾಯಲ್ಲಿದೆ. ದಂಡು ಮಾತ್ರ ಇಲ್ಲ.

ಆ ಗೋರಿಗಳಲ್ಲಿ ಇರುವವರು ಯುದ್ಧದಲ್ಲಿ ಸತ್ತವರು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕಾಲರಾ, ಭೇದಿ, ಜ್ವರ, ಕುಡಿತ, ಬಿಸಿಲು ಇವೇ ಹೆಚ್ಚು ಕೊಂದಿದ್ದು. ಮನ್ರೋ ಆಮೇಲೆ ಮದ್ರಾಸಿನ ಗವರ್ನರ್ ಆಗಿ ಈ ಸೀಮೆ ನೋಡಲು ಮತ್ತೆ ಬಂದವನು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಮೊದಲು ಗುತ್ತಿಯಲ್ಲಿ ಮಣ್ಣು ಮಾಡಿದರು, ನಾಲ್ಕು ವರ್ಷದ ಮೇಲೆ ಮದ್ರಾಸಿಗೆ ಒಯ್ದರು. ಗವರ್ನರ್ ಪಾಡೇ ಹೀಗಿದ್ದರೆ ಸೋಜರನ ಪಾಡು ಕೇಳಬೇಕೆ? ಇಂಡಿಯಾದಲ್ಲಿದ್ದ ಇಂಗ್ಲಿಷ್ ಸೈನ್ಯದ ಆರೋಗ್ಯದ ಬಗ್ಗೆ 1863ರಲ್ಲಿ ಒಂದು ರಾಯಲ್ ಕಮಿಷನ್ ವರದಿ ಕೊಟ್ಟಿತು. ವರ್ಷಕ್ಕೆ ಸಾವಿರ ಮಂದಿಯಲ್ಲಿ 69 ಜನ ಸಾಯುತ್ತಿದ್ದರು ಎಂದು ಅದರಲ್ಲಿದೆ. ಒಂದು ಪಲ್ಟನ್ನು ಒಂದು ಗುಂಡೂ ಹಾರಿಸದೆ ನಾಲ್ಕೈದು ವರ್ಷ ಬಳ್ಳಾರಿಯಲ್ಲಿ ಕೂತು ಎದ್ದರೆ ಎಷ್ಟು ಗುಂಡಿ ತೋಡಬೇಕಾಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ಈ ಸಿಮಿಟ್ರಿಯಲ್ಲಿ ಇಲ್ಲದವರ ಬಗ್ಗೆಯೂ ಒಂದು ಮಾತು. ಅದೇ ದಂಡಿನಲ್ಲಿ ನಮ್ಮ ಕಡೆಯ ಸಿಪಾಯಿಗಳೂ ಇದ್ದರು. ಅದೇ ಬಿಸಿಲು, ಅದೇ ಕಾಲರಾ. ಅವರ ಹೆಸರಿನ ಕಲ್ಲು ಎಲ್ಲೂ ಕಾಣುವುದಿಲ್ಲ. ಅದಕ್ಕಿಂತ ಐನೂರು, ಸಾವಿರ ವರ್ಷ ಹಿಂದೆ ಸತ್ತವನಿಗೆ ಊರ ಮುಂದೆ ವೀರಗಲ್ಲು ನಿಲ್ಲಿಸಿದ ಸೀಮೆ ಇದು. ಆ ವಿಷಯ ಯೋಚಿಸಿದಾಗೆಲ್ಲ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ.

ನಮ್ಮ ಗುಂಪಿನಲ್ಲಿ ಐದು ಜನ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಫೌಜಿನಿಂದ ನಿವೃತ್ತರಾದ ಒಬ್ಬ ಸುಬೇದಾರ್ರು ಇದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮೇಡಮ್ಮು, ಕಂಪ್ಯೂಟರ್ ಮುಂದೆ ಕೂತರೆ ಊಟ ಮರೆಯುವವರು. ಮತ್ತೆ ಇಬ್ಬರು ಹುಡುಗರು. ಭಾನುವಾರ ಬೆಳಗ್ಗೆ ಆರಕ್ಕೆ ಹೋಗಿ, ಒಂಬತ್ತಕ್ಕೆ ಬಿಸಿಲು ಏರುವ ಮೊದಲು ಮುಗಿಸಿ, ಒಗ್ಗಾಣಿ ಮಿರ್ಚಿ ತಿಂದು ಮನೆಗೆ ಹೋಗುವುದು ರೂಢಿ. ನಮ್ಮಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ತಮಾಷೆ ಮಾಡುತ್ತಾರಲ್ವಾ? ಗೋರಿ ಓದುವವರಿಗೆ ಅದು ತಮಾಷೆಯಲ್ಲ.

ಬಂದ ಪತ್ರ

ವಿದೇಶದಿಂದ ಒಬ್ಬ ಹೆಣ್ಣುಮಗಳು ಬರೆದಿದ್ದರು. ಅವರ ತಂದೆಗೆ ತೊಂಬತ್ತು ದಾಟಿದೆ. ಆ ತಂದೆಯ ಮುತ್ತಜ್ಜ ಬಳ್ಳಾರಿಯಲ್ಲಿ ಸೈನಿಕನಾಗಿದ್ದು 1873ರಲ್ಲಿ ಸತ್ತನಂತೆ. ಹೆಂಡತಿ ಕೈಗೂಸು ಎತ್ತಿಕೊಂಡು ಹಡಗು ಹತ್ತಿ ಊರಿಗೆ ವಾಪಸ್ ಹೋದಳಂತೆ. ಮನೆಯ ಹಳೇ ಬೈಬಲ್ಲಿನ ಮೊದಲ ಹಾಳೆಯಲ್ಲಿ ಹೆಸರು, ಇಸವಿ, "ಬಳ್ಳಾರಿ" ಎನ್ನುವ ಮಾತು, ಪಲ್ಟನ್ನಿನ ನಂಬರು ಇಷ್ಟು ಬರೆದಿದ್ದಾರೆ. ಗೋರಿ ಇದೆಯಾ, ಇದ್ದರೆ ಒಂದು ಫೋಟೋ ಸಿಗಬಹುದಾ ಎಂಬುದು ಅವರ ಪ್ರಶ್ನೆ.

ಅವರು ಅದಾಗಲೇ ಎರಡು ಕಡೆ ಕೇಳಿ ಬರಿಗೈಲಿ ಬಂದಿದ್ದರು. ಒಂದು, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಆಯೋಗ ಹುಟ್ಟಿದ್ದೇ 1917ರಲ್ಲಿ. ಅದು ನೋಡಿಕೊಳ್ಳುವುದು ಎರಡು ಮಹಾಯುದ್ಧಗಳಲ್ಲಿ ಸತ್ತವರನ್ನು ಮಾತ್ರ. ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಕೊನೆಯವರೆಗೆ. 1873ರವನು ಅವರ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಪಿಂಚಣಿ ಕಾಗದಗಳು. ನೌಕರಿಯಲ್ಲಿದ್ದಾಗಲೇ ಸತ್ತವನಿಗೆ ಪಿಂಚಣಿ ಎಲ್ಲಿಂದ ಬರಬೇಕು? ಅಲ್ಲಿ ಸಿಗದೇ ಇದ್ದದ್ದು ಸಹಜವೇ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ನಮಗೆ ಕಂಡದ್ದು, ದೊಡ್ಡದೊಡ್ಡವರ ಕೈಲಿ ಆಗದ್ದನ್ನು ನಾವು ಮಾಡಿ ತೋರಿಸಬಹುದು ಎಂಬ ಆಸೆ. ಅರ್ಧ ತಪ್ಪು ಅಲ್ಲೇ ಆಗಿಹೋಗಿತ್ತು.

ಮಾಡಿದ್ದು

ಸಿಮಿಟ್ರಿ ನೋಡಿಕೊಳ್ಳುವ ಚರ್ಚಿನ ಸಭೆಯ ಹಿರಿಯರ ಹತ್ತಿರ ಹೋಗಿ ಒಪ್ಪಿಗೆ ಕೇಳಿದೆವು. "ಜಾಲಿ ಕಡಿದುಕೊಡ್ತೀರಾ?" ಅಂತ ಅವರು ಕೇಳಿದರು, ನಾವು ಹೂಂ ಅಂದೆವು, ಅಷ್ಟೇ ಒಪ್ಪಂದ. ಆದರೆ ಆ ಜಾಲಿ ಸುಮ್ನೆ ಕಡಿಯುವಂಥದ್ದಲ್ಲ. ಉಳಿದ ಕರ್ನಾಟಕದವರು ಅದನ್ನು ಬಳ್ಳಾರಿ ಜಾಲಿ ಅಂತ ನಮ್ಮ ಊರಿಗೇ ಅಂಟಿಸಿಬಿಟ್ಟಿದ್ದಾರೆ. ಇಟ್ಟಿಗೆ ಕಟ್ಟೆಯ ಸಂದಿಗೆ ಬೇರು ಬಿಟ್ಟು ಗೋರಿಯನ್ನೇ ಎರಡು ಹೋಳು ಮಾಡುತ್ತದೆ. ಮಚ್ಚು, ಕೈಗವಸು, ಉದ್ದನೆ ಕೋಲು ಇಲ್ಲದೆ ಒಳಗೆ ಹೋಗಬೇಡಿ. ಕೋಲು ಯಾಕೆ ಅಂದರೆ ಹಾವಿಗೆ.

ಎರಡನೇ ಭಾನುವಾರ ಒಂದು ಅನಾಹುತ ಆಯಿತು. ನಮ್ಮ ಹುಡುಗನೊಬ್ಬ ಉತ್ಸಾಹದಲ್ಲಿ ಮನೆಯಿಂದ ಕಕ್ಕಸು ತೊಳೆಯುವ ಆಸಿಡ್ ತಂದು ಒಂದು ಕಡಪಾ ಕಲ್ಲಿನ ಮೇಲೆ ಸುರಿದ. ಕಲ್ಲು ಬುಸ್ ಅಂತ ನೊರೆ ಕಕ್ಕಿತು. ಕಡಪಾ ಕಲ್ಲು ಅಂದರೆ ಸುಣ್ಣದ ಕಲ್ಲೇ. ಅಮೃತಶಿಲೆಯೂ ಅದೇ ಜಾತಿ. ಆಸಿಡ್ ಬಿದ್ದರೆ ಮೇಲಿನ ಪದರ ಕರಗಿ ಹೋಗುತ್ತದೆ. ಅಕ್ಷರ ಇರುವುದೇ ಆ ಪದರದಲ್ಲಿ. ನೀರು ತಂದು ಹುಯ್ಯುವಷ್ಟರಲ್ಲಿ ಮೂರು ಸಾಲು ಹೋಗಿತ್ತು. ಯಾರದು ಅಂತ ಓದಿಯೂ ಇರಲಿಲ್ಲ, ಫೋಟೋ ತೆಗೆದೂ ಇರಲಿಲ್ಲ. ಹುಡುಗನನ್ನು ನಾನು ಬೈಯಲಿಲ್ಲ. ಮೊದಲ ದಿನವೇ ಹೇಳಬೇಕಾದವನು ನಾನು. ಅಂದಿನಿಂದ ಸಾದಾ ನೀರು ಮತ್ತು ಮೆತ್ತನೆ ಬ್ರಷ್ ಬಿಟ್ಟು ಬೇರೇನೂ ಒಳಗೆ ಬರಬಾರದು ಅಂತ ಕಟ್ಟು ಮಾಡಿದೆವು. ಶಾಸನ ಓದುವಾಗ ಸೀಮೆಸುಣ್ಣ ತಿಕ್ಕುವ ಹಳೇ ಚಟ ನನಗೇ ಇತ್ತು, ಅದನ್ನೂ ಬಿಟ್ಟೆ. ಬೆಳಕು ಪಕ್ಕದಿಂದ ಬೀಳಬೇಕು, ಅಷ್ಟೇ. ಬೆಳಗಿನ ಎಳೆ ಬಿಸಿಲಲ್ಲಿ ಒಂದು ಕನ್ನಡಿ ಹಿಡಿದು ಕಲ್ಲಿನ ಅಂಚಿನಿಂದ ಬೆಳಕು ಹಾಯಿಸಿದರೆ, ನಡುಮಧ್ಯಾಹ್ನ ಕಾಣದ ಅಕ್ಷರ ನೆರಳು ಹೊತ್ತು ಎದ್ದು ಕೂರುತ್ತದೆ.

ನಾಲ್ಕನೇ ಭಾನುವಾರ ಆ ಕಲ್ಲು ಸಿಕ್ಕಿತು. ಬಿಳಿ ಅಮೃತಶಿಲೆಯ ಹಲಗೆ, ಅರ್ಧ ಮಣ್ಣಲ್ಲಿ. ಹೆಸರಿನ ಮೊದಲಕ್ಷರ ಸರಿ, ಮನೆತನದ ಹೆಸರು ಸರಿ. ಕೆಳಗೆ ಒಂದು ಇಂಗ್ಲಿಷ್ ಜಿಲ್ಲೆಯ ಹೆಸರು ಹೊತ್ತ ರೆಜಿಮೆಂಟು. ಇಸವಿಯಲ್ಲಿ 1, 8 ಕಂಡವು, ಕೊನೆಯ 3 ಕಂಡಿತು. ಮೂರನೇ ಅಂಕಿ ಮಾಸಿಹೋಗಿತ್ತು. ಮೇಲ್ಭಾಗದಲ್ಲಿ ಒಂದು ಗೆರೆಯಂತೆ ಕಂಡಿತು. ಏಳು ಅಂದೆ ನಾನು. ಅವತ್ತು ಇದ್ದ ಉಳಿದ ಮೂವರೂ ಏಳು ಅಂದರು. ಯಾಕೆ ಅನ್ನುವುದು ಈಗ ಗೊತ್ತಾಗುತ್ತದೆ. ಪತ್ರದಲ್ಲಿ 1873 ಇತ್ತು. ಕಲ್ಲು ನೋಡುವ ಮೊದಲೇ ನಾವು ಇಸವಿ ಓದಿ ಮುಗಿಸಿದ್ದೆವು.

ಅವತ್ತು ಮಧ್ಯಾಹ್ನವೇ ಫೋಟೋ ಕಳಿಸಿದೆ. ಸಂಜೆಯೊಳಗೆ ಉತ್ತರ ಬಂತು. ಆ ಹೆಣ್ಣುಮಗಳು ಅತ್ತಿದ್ದರಂತೆ. ಫೋಟೋಗೆ ಕಟ್ಟು ಹಾಕಿಸಿ ತಂದೆಯ ಮಂಚದ ಎದುರು ನೇತುಹಾಕಿದ್ದಾರೆ ಅಂತ ವಾರದ ಮೇಲೆ ಇನ್ನೊಂದು ಪತ್ರ ಬಂತು. ನಾವು ಮಿರ್ಚಿ ಬಿಟ್ಟು ಜಿಲೇಬಿ ತಿಂದೆವು.

ಸುಬೇದಾರ್ರ ಅನುಮಾನ

ಸುಬೇದಾರ್ರು ಅವತ್ತು ಬಂದಿರಲಿಲ್ಲ. ಮಗಳ ಊರಿಗೆ ಹೋಗಿದ್ದರು. ಬಂದ ಮೇಲೆ ಫೋಟೋ ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಸರ, ಪಲ್ಟನ್ ನಂಬರ್ ಎಲ್ಲಿದೆ?" ಅಂದರು.

ಇದು ಪ್ರಕರಣದ ಮೊದಲ ತಿರುವು. 1881ರ ಜುಲೈ 1ರಿಂದ ಇಂಗ್ಲಿಷ್ ಕಾಲಾಳು ಪಲ್ಟನ್ನುಗಳ ಹೆಸರಿಡುವ ರೀತಿಯೇ ಬದಲಾಯಿತು. ಅದಕ್ಕೆ ಮೊದಲು ಪಲ್ಟನ್ನಿಗೆ ನಂಬರೇ ಹೆಸರು. ಬಹಳಷ್ಟಕ್ಕೆ ಜಿಲ್ಲೆಯ ಹೆಸರೂ ಜೊತೆಗಿರುತ್ತಿತ್ತು, ಆದರೆ ನಂಬರು ಮುಂದೆ. 1881ರಲ್ಲಿ ನಂಬರು ತೆಗೆದು ಜಿಲ್ಲೆಯ ಹೆಸರನ್ನೇ ಮುಖ್ಯ ಮಾಡಿದರು, ಎರಡೆರಡು ಹಳೇ ಪಲ್ಟನ್ನು ಸೇರಿಸಿ ಒಂದು ಮಾಡಿದ್ದೂ ಉಂಟು. ಬೈಬಲ್ಲಿನಲ್ಲಿ ಬರೀ ನಂಬರು ಇತ್ತು. ಕಲ್ಲಿನಲ್ಲಿ ಬರೀ ಜಿಲ್ಲೆ. 1873ರ ಕಲ್ಲಿನಲ್ಲಿ ನಂಬರು ಇಲ್ಲದಿರುವುದು ಹೇಗೆ?

ನನಗೆ ಕೂಡಲೇ ಸಮಾಧಾನದ ಮಾತು ಹೊಳೆಯಿತು. ಕಲ್ಲನ್ನು ಹತ್ತು ವರ್ಷದ ಮೇಲೆ ಹಾಕಿಸಿರಬಹುದು ಅಂದೆ. ಸುಬೇದಾರ್ರು ತಲೆ ಅಲ್ಲಾಡಿಸಿದರು. "ಹತ್ತು ವರ್ಷದ ಮೇಲೆ ಪಲ್ಟನ್ ಇಲ್ಲಿ ಇರೋದಿಲ್ಲ ಸರ. ಬೇರೆ ಕಡೆ ಹೋಗಿರ್ತದೆ. ಹಾಕ್ಸೋರು ಯಾರು?" ಸರಿಯೇ. ಸಾದಾ ಸೋಜರನಿಗೆ ಕಲ್ಲು ಹಾಕಿಸುತ್ತಿದ್ದವರು ಸಾಮಾನ್ಯವಾಗಿ ಅವನ ಜೊತೆಗಾರರೇ, ತಲಾ ಇಷ್ಟು ಅಂತ ಕೂಡಿಸಿ. ಬಹಳ ಜನಕ್ಕೆ ಅದೂ ಇಲ್ಲ. ಮರದ ಶಿಲುಬೆ, ಅದು ಗೆದ್ದಲಿಗೆ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಈಗ ನೋಡಿದರೆ, ಒಪ್ಪದೇ ಇದ್ದದ್ದಕ್ಕೆ ಕಾರಣ ಕಲ್ಲಿನಲ್ಲಿ ಇರಲಿಲ್ಲ, ಆ ಕಟ್ಟು ಹಾಕಿಸಿದ ಫೋಟೋದಲ್ಲಿತ್ತು.

ಪೊರಕೆ ಕಡ್ಡಿ

ಎರಡನೇ ತಿರುವು ಕಲ್ಲುಕೆಲಸದ ಒಬ್ಬರಿಂದ ಬಂತು. ಗ್ರಾನೈಟ್ ಹಲಗೆಗೆ ಹೆಸರು ಕೊರೆದುಕೊಡುವ ಕೆಲಸ ಅವರದು. ಕಟ್ಟಡದ ಉದ್ಘಾಟನೆ ಕಲ್ಲು, ಗೋರಿ ಕಲ್ಲು, ದೇವಸ್ಥಾನದ ದೇಣಿಗೆ ಪಟ್ಟಿ, ಎಲ್ಲ ಮಾಡುತ್ತಾರೆ. ಒಂದು ಭಾನುವಾರ ಕರೆದುಕೊಂಡು ಹೋದೆವು. ಅವರು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿಂದ ಸವರಿ ನೋಡಿದರು. ಓದಲು ಹೋಗಲೇ ಇಲ್ಲ. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ.

"ಸರ, ಇದು ಬರೀ ಕೆತ್ತಿದ್ದಲ್ರಿ. ಸೀಸ ಕೂಡ್ಸಿದ್ದು."

ಅಮೃತಶಿಲೆಯ ಮೇಲೆ ಕಪ್ಪಾಗಿ ಕಾಣಲಿ ಅಂತ ಸೀಸದ ಅಕ್ಷರ ಕೂರಿಸುವ ಪದ್ಧತಿ ಹಳೆಯದು. ಅಕ್ಷರದ ಆಕಾರವನ್ನು ತೆಳ್ಳಗೆ ತೋಡುತ್ತಾರೆ. ತೋಡಿದ ಕಡೆ ಅಲ್ಲಲ್ಲಿ ಸಣ್ಣ ತೂತು ಕೊರೆಯುತ್ತಾರೆ. ಸೀಸವನ್ನು ಬಡಿದು ಕೂರಿಸಿದರೆ ಅದು ತೂತಿನೊಳಗೆ ಇಳಿದು ಬೇರಿನ ಹಾಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಮೇಲೆ ತೀಡಿ ಸಮ ಮಾಡುತ್ತಾರೆ. ವರ್ಷಗಳು ಕಳೆದ ಹಾಗೆ ಸೀಸ ಉದುರುತ್ತದೆ, ಇಲ್ಲವೇ ಗುಜರಿಗೋ ಮೀನಿನ ಗಾಳಕ್ಕೋ ಯಾರಾದರೂ ಕಿತ್ತುಕೊಂಡು ಹೋಗುತ್ತಾರೆ. ಮಳೆಗಾಳಿಗೆ ತೋಡಿದ ಆಕಾರವೂ ಸವೆದು ಹೋಗುತ್ತದೆ. ತೂತು ಮಾತ್ರ ಉಳಿಯುತ್ತದೆ, ಆಳ ಇರುವುದರಿಂದ.

ಅವರು ಸಿಮಿಟ್ರಿ ಕಾವಲಿನ ತಾತನ ಮನೆಯಿಂದ ಒಂದು ಪೊರಕೆ ತರಿಸಿದರು. ಕಡ್ಡಿಗಳನ್ನು ಗೇಣುದ್ದ ಮುರಿದರು. ಮಾಸಿದ ಅಂಕಿಯ ಜಾಗದಲ್ಲಿ ಬೆರಳಿಗೆ ಸಿಕ್ಕ ಒಂದೊಂದು ತೂತಿನ ಮಣ್ಣನ್ನೂ ನೀರು ಬಿಟ್ಟು ತೆಗೆದು, ಒಂದೊಂದು ಕಡ್ಡಿ ನಿಲ್ಲಿಸಿದರು. ಮೇಲೆ ಎರಡು, ನಡುವೆ ಸೊಂಟದ ಹತ್ತಿರ ಒಂದು, ಕೆಳಗೆ ಎಡಕ್ಕೊಂದು, ಬಲಕ್ಕೊಂದು, ತಳದಲ್ಲಿ ಒಂದು. ಆರು ಕಡ್ಡಿ ನಿಂತವು. ಪಕ್ಕದ 8ರಲ್ಲೂ ಹಾಗೇ ನಿಲ್ಲಿಸಿದರು. ಅಲ್ಲೂ ಆರು, ಅದೇ ಜಾಗಗಳಲ್ಲಿ.

"ಏಳಾಗಿದ್ರ ಕೆಳಗ ಬಲಗಡೆ ತೂತು ಯಾಕ್ರಿ ಇರ್ತದ? ಏಳಕ್ಕ ಅಲ್ಲೇನೈತಿ ಕೂಡ್ಸಾಕ?"

ಯಾರೂ ಮಾತಾಡಲಿಲ್ಲ. ನಾಲ್ಕು ವರ್ಷ ಓದಿ ಪಿಎಚ್.ಡಿ. ತಗೊಂಡವನು ನಾನು. ಹತ್ತು ನಿಮಿಷದಲ್ಲಿ ಪೊರಕೆ ಕಡ್ಡಿ ಇಸವಿ ಓದಿತು. 1883.

ಅವರಿಗೆ ಕೂಲಿ ಕೊಡಲು ಹೋದರೆ ತಗೊಳ್ಳಲಿಲ್ಲ. ಟೀ ಕುಡಿದರು. ಹೋಗುವಾಗ, ಸೀಸ ಕೂಡಿಸಿದವನ ಕೈ ಚೆನ್ನಾಗಿದೆ, ಆದರೆ 3ರ ಹೊಟ್ಟೆ ಸ್ವಲ್ಪ ಸೊಟ್ಟ ಬಂದಿದೆ ಅಂತ ತೋರಿಸಿಕೊಟ್ಟು ಹೋದರು.

ರಿಜಿಸ್ಟರು

ಕಲ್ಲು ಓದಿ ಮುಗಿಸಿದ ಮೇಲೆ ಕಾಗದ. ಇಲ್ಲಿ ಬ್ಯಾಂಕಿನ ಮೇಡಮ್ಮು ಮೂರು ವಾರ ದಾರಿ ತಪ್ಪಿದರು. ಬಳ್ಳಾರಿ ಕರ್ನಾಟಕದಲ್ಲಿದೆ, ಹಾಗಾಗಿ ದಾಖಲೆ ಬೆಂಗಳೂರಲ್ಲಿ ಇರಬೇಕು ಅಂದುಕೊಂಡರು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೆ ಮೊದಲು ಮದ್ರಾಸು. ಪಾದ್ರಿಗಳು ಮಣ್ಣು ಮಾಡಿದ ಪ್ರತಿಯೊಬ್ಬರ ಹೆಸರನ್ನೂ ಬರೆದು ಮದ್ರಾಸಿಗೆ ಕಳಿಸುತ್ತಿದ್ದರು, ಅಲ್ಲಿಂದ ಒಂದು ನಕಲು ಲಂಡನ್ನಿಗೆ ಹೋಗುತ್ತಿತ್ತು. ಆ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಅಲ್ಲಿನ ಗುರುತಿನ ಪ್ರಕಾರ ಬಂಗಾಳದ್ದು ಎನ್/1, ಮದ್ರಾಸಿನದು ಎನ್/2, ಬೊಂಬಾಯಿಯದು ಎನ್/3. ನಮಗೆ ಬೇಕಾದದ್ದು ಎನ್/2. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸೊಸೈಟಿಯೊಂದಿದೆ, ಫಿಬಿಸ್ ಅಂತ ಕರೆಯುತ್ತಾರೆ. ಅವರ ಸೂಚಿಯಲ್ಲಿ ಪುಕ್ಕಟೆಯಾಗಿ ಹೆಸರು ಹುಡುಕಬಹುದು.

ಜೆ.ಜೆ. ಕಾಟನ್ ಎಂಬ ಅಧಿಕಾರಿ ಮದ್ರಾಸು ಪ್ರಾಂತದ ಗೋರಿ ಬರಹಗಳನ್ನು ಪಟ್ಟಿ ಮಾಡಿ 1905ರಲ್ಲಿ ಅಚ್ಚು ಹಾಕಿಸಿದ್ದಾನೆ, ಅದನ್ನೂ ನೋಡಿದೆವು. ಒಳ್ಳೆಯ ಕೆಲಸ. ಆದರೆ ಅವನು ಆರಿಸಿದ್ದು ಚರಿತ್ರೆಗೆ ಮುಖ್ಯ ಅನ್ನಿಸಿದ ಗೋರಿಗಳನ್ನು. ಕರ್ನಲ್ಲು, ಜಡ್ಜು, ಕಲೆಕ್ಟರು ಸಿಗುತ್ತಾರೆ. ಸಾದಾ ಸೋಜರ ಅಲ್ಲಿ ಇಲ್ಲ ಅಂದಮಾತ್ರಕ್ಕೆ ಅವನ ಗೋರಿಯೇ ಇಲ್ಲ ಅಂತಲ್ಲ.

ಎನ್/2ರಲ್ಲಿ ಇಬ್ಬರೂ ಸಿಕ್ಕರು. ಒಂದೇ ಮೊದಲಕ್ಷರ, ಒಂದೇ ಮನೆತನದ ಹೆಸರು, ಹತ್ತು ವರ್ಷದ ಅಂತರ. ಪಲ್ಟನ್ನು ಬೇರೆ ಬೇರೆ. 1883ರವನಿಗೆ 31 ವರ್ಷ, ಲಿವರಿನಲ್ಲಿ ಕೀವಾಗಿ ಸತ್ತಿದ್ದ. ಕಲ್ಲು ಅವನದು. 1873ರವನಿಗೆ 24. ಮೇ ತಿಂಗಳು. ಕಾರಣದ ಕಾಲಮ್ಮಿನಲ್ಲಿ ಬಿಸಿಲ ಹೊಡೆತ ಅಂತ ಇತ್ತು. ಸತ್ತ ತಾರೀಖು, ಮಣ್ಣು ಮಾಡಿದ ತಾರೀಖು ಎರಡೂ ಒಂದೇ. ಬಳ್ಳಾರಿಯ ಮೇ ತಿಂಗಳಲ್ಲಿ ಹೆಣ ಇಟ್ಟುಕೊಳ್ಳುವ ಹಾಗಿಲ್ಲವಲ್ಲ.

ಹೇಳುವುದೋ ಬಿಡುವುದೋ

ಈ ಭಾಗ ಬರೆಯಲು ಕಷ್ಟ. ಹೇಳಬೇಕಾ ಬೇಡವಾ ಅಂತ ನಮ್ಮಲ್ಲೇ ಜಗಳ ಆಯಿತು. ಮೇಡಮ್ಮು, "ಆ ಅಜ್ಜನಿಗೆ ತೊಂಬತ್ತು ದಾಟಿದೆ ಸರ್, ಸುಮ್ನೆ ಇದ್ದುಬಿಡೋಣ. ಯಾರಿಗೆ ಏನು ನಷ್ಟ?" ಅಂದರು. ಒಬ್ಬ ಹುಡುಗ ಅವರ ಪರ. ನಾನು ಯಾವ ಕಡೆಯೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಸುಮ್ಮನಿರುವ ಕಡೆಗೇ ಸ್ವಲ್ಪ ವಾಲಿದ್ದೆ.

ಸುಬೇದಾರ್ರು ಒಂದೇ ಮಾತು ಹೇಳಿದರು. "ಫೌಜಿನಲ್ಲಿ ಒಬ್ಬನ ಹೆಸರು ಇನ್ನೊಬ್ಬನ ಮನೆಗೆ ಹೋಗಬಾರದು ಸರ. ಹೋದ್ರೆ ಎರಡು ಮನೆಗೆ ಮೋಸ."

ಎರಡನೇ ಮನೆ ಅಂತ ಒಂದು ಇರಬಹುದು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. 1883ರವನನ್ನೂ ಯಾರಾದರೂ ಎಲ್ಲೋ ಹುಡುಕುತ್ತಿರಬಹುದು. ನಮ್ಮ ತಪ್ಪು ಫೋಟೋ ವಂಶವೃಕ್ಷದ ಜಾಲತಾಣಗಳಲ್ಲಿ ಓಡಾಡತೊಡಗಿದರೆ ಅವರಿಗೆ ಅವನು ಸಿಗುವುದೇ ಇಲ್ಲ. ಅವತ್ತು ರಾತ್ರಿಯೇ ಬರೆದೆ. ತಪ್ಪು ಹೇಗಾಯಿತು, ಹೇಗೆ ಗೊತ್ತಾಯಿತು ಎಲ್ಲ ಬರೆದೆ. ಕಡ್ಡಿ ನಿಲ್ಲಿಸಿದ ಫೋಟೋ ಕಳಿಸಿದೆ. ಇದನ್ನು ನಮ್ಮ ಮಾತಿನ ಮೇಲೆ ನಂಬಬೇಡಿ, ಕ್ಯೂನಲ್ಲಿ ಆ ಪಲ್ಟನ್ನಿನ ಹಾಜರಿ ಪಟ್ಟಿ ನೋಡಿಸಿ ಅಂತಲೂ ಹೇಳಿದೆ. ಆ ಪಟ್ಟಿಗಳು ಅಲ್ಲಿ ಡಬ್ಲ್ಯೂ.ಓ. 12 ಎಂಬ ಗುರುತಿನ ಕಡತಗಳಲ್ಲಿವೆ, 1877ರ ನಂತರದವು ಡಬ್ಲ್ಯೂ.ಓ. 16ರಲ್ಲಿ. ಒಬ್ಬೊಬ್ಬ ಸೈನಿಕನಿಗೂ ಒಂದು ಸ್ವಂತ ನಂಬರು ಇರುತ್ತದೆ. ಒಂದೇ ಹೆಸರಿನವರನ್ನು ಬೇರೆ ಮಾಡುವುದಕ್ಕೆ ಅದು ಬಹಳ ಉಪಯೋಗ.

ಐದು ವಾರ ಉತ್ತರ ಇಲ್ಲ. ಆಮೇಲೆ ಬಂತು. ಪಟ್ಟಿ ನೋಡಿಸಿದ್ದಾರೆ. ನಮ್ಮ ತಿದ್ದುಪಡಿ ಸರಿ. ಮೊದಲು ಸಿಟ್ಟು ಬಂದಿತ್ತು ಅಂತ ಮುಚ್ಚುಮರೆ ಇಲ್ಲದೆ ಬರೆದಿದ್ದರು. ತಂದೆಗೆ ಹೇಳಿದರಂತೆ. ಅವರು ಸ್ವಲ್ಪ ಹೊತ್ತು ಫೋಟೋ ನೋಡಿ, ಇರಲಿ ಬಿಡು, ತೆಗೆಯಬೇಡ, ಇವನೂ ಅಲ್ಲೇ ಮಲಗಿದ್ದಾನಲ್ಲ ಅಂದರಂತೆ.

ಕಲ್ಲಿಲ್ಲದ ಗೋರಿ

ಹಾಗಾದರೆ 1873ರವನು ಎಲ್ಲಿ? ಅದಕ್ಕೆ ಕಾವಲಿನ ತಾತನನ್ನು ಮೊದಲೇ ಕೇಳಬೇಕಿತ್ತು. ಮೂರು ತಲೆಮಾರಿನಿಂದ ಅವರ ಮನೆಯವರೇ ಅಲ್ಲಿ ಗುಂಡಿ ತೋಡುತ್ತಿದ್ದಾರೆ. ನಾವು ಜಾಲಿ ಕಡಿಯುವಾಗ ಅವರು ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ನೋಡುತ್ತಿದ್ದರು. ನಾವು ನಮಸ್ಕಾರ ಹೇಳುತ್ತಿದ್ದೆವು, ಅಷ್ಟೇ. ಪ್ರಶ್ನೆ ಕೇಳಿರಲಿಲ್ಲ. ಅವರಾಗಿ ಹೇಳುವವರಲ್ಲ.

"ತಾತ, ಸೋಜರ್ನೆಲ್ಲ ಎಲ್ಲಿ ಮಣ್ಣು ಮಾಡ್ತಿದ್ರು?" ಅಂತ ಕೇಳಿದೆ.

ಅವರು ಎದ್ದು ಪಡುವಣ ಗೋಡೆಯ ಕಡೆ ನಡೆದರು. ಅಲ್ಲಿ ಕಲ್ಲು ಒಂದೂ ಇಲ್ಲ, ನೆಲ ಸ್ವಲ್ಪ ಏರಿಳಿತ. "ಇದು ಸೋಜರ ಸಾಲು ಸಾರ್. ನಮ್ಮ ತಾತ ಇಲ್ಲಿ ಗುದ್ದಲಿ ಹಾಕ್ಬೇಡ ಅಂತಿದ್ದ. ಹಾಕಿದ್ರೆ ಇಟ್ಟಿಗೆ ಸಿಗ್ತದೆ." ಯಾವ ವರ್ಷದ ಸಾಲು ಅಂತ ಅವರಿಗೆ ಗೊತ್ತಿಲ್ಲ. ಗುಂಡಿಗಳಿಗೆ ನಂಬರು ಹಾಕಿದ ನಕ್ಷೆಯೂ ಇಲ್ಲ. ಸುತ್ತಲಿನ ಕಲ್ಲುಗಳ ಇಸವಿ ಬರೆದುಕೊಂಡು ನೋಡಿದೆವು. ಒಂದು ತುದಿಯಲ್ಲಿ 1860ರ ದಶಕ, ಇನ್ನೊಂದು ತುದಿಯಲ್ಲಿ 1880. ನಡುವೆ ಬರೀ ನೆಲ.

ಆ ಹೆಣ್ಣುಮಗಳಿಗೆ ಅಷ್ಟನ್ನೇ ಬರೆದೆವು. ಈ ಸಿಮಿಟ್ರಿಯಲ್ಲಿ ಇರುವುದು ಖಚಿತ, ಈ ಸಾಲಿನಲ್ಲಿ ಇರಬಹುದು, ಗೋರಿ ಇದೇ ಅಂತ ಹೇಳಲು ಬರುವುದಿಲ್ಲ. ನೆಲದ ಫೋಟೋ ಕಳಿಸಿದೆವು. ಅದರಲ್ಲಿ ಕಾಣುವುದು ಒಣಹುಲ್ಲು, ತಾತನ ನೆರಳು. ಅವರು ಒಂದು ಕಲ್ಲು ಹಾಕಿಸಬಹುದಾ ಅಂತ ಕೇಳಿದ್ದಾರೆ. ಸಭೆಯ ಹಿರಿಯರು ಗೋಡೆಗೆ ಬೇಕಾದರೆ ಒಂದು ಹಲಗೆ ಹಾಕಿ, ನೆಲದ ಮೇಲೆ ಬೇಡ, ಯಾರ ಎದೆ ಮೇಲೆ ನಿಲ್ಲುತ್ತದೋ ಗೊತ್ತಿಲ್ಲ ಅಂದಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಈಗ ಮಾಡುತ್ತಿರುವ ಬಗೆ

ಈ ಪ್ರಕರಣದ ಮೇಲೆ ನಮ್ಮ ಕೆಲಸದ ಕ್ರಮ ಬದಲಾಗಿದೆ. ಪತ್ರ ಬಂದರೆ ಇಸವಿ, ಪಲ್ಟನ್ನು ಗೊತ್ತಿರುವುದು ಮೇಡಮ್ಮಿಗೆ ಮಾತ್ರ. ಕಲ್ಲು ಓದುವ ನಮಗೆ ಅವರು ಮನೆತನದ ಹೆಸರಷ್ಟೇ ಹೇಳುತ್ತಾರೆ. ಇಬ್ಬರು ಬೇರೆ ಬೇರೆ ದಿನ ಓದಿ ಬರೆಯಬೇಕು. ಓದಲು ಬಾರದ ಅಕ್ಷರದ ಜಾಗದಲ್ಲಿ ಚುಕ್ಕೆ ಇಡಬೇಕು, ಊಹೆ ಬರೆಯಬಾರದು. ರಿಜಿಸ್ಟರಿಗೆ ತಾಳೆ ಆಗುವವರೆಗೆ ಮನೆಯವರಿಗೆ ಫೋಟೋ ಹೋಗುವುದಿಲ್ಲ. ಹುಡುಗರಿಗೆ ಇದು ಬೇಜಾರು, ಅವರಿಗೆ ಕೂಡಲೇ ಕಳಿಸುವ ಆಸೆ. ನನಗೂ ಇತ್ತು.

ಲಿಂಗಸುಗೂರಿನ ಒಬ್ಬ ಮೇಷ್ಟ್ರು ಈಚೆಗೆ ಫೋನ್ ಮಾಡಿದ್ದರು. ಅಲ್ಲಿಯೂ ದಂಡಿನ ಒಂದು ಹಳೇ ಛಾವಣಿ (ಕಂಟೋನ್ಮೆಂಟ್) ಇತ್ತು, ಹೈದರಾಬಾದ್ ಕಾಂಟಿಂಜೆಂಟ್ ಪಡೆಯದು. ನಮ್ಮ ದಾರಿಯಲ್ಲೇ ಎನ್/2 ಹಿಡಿದುಕೊಂಡು ಕೂರಬೇಡಿ ಅಂದೆ. ರಾಯಚೂರು, ಕೊಪ್ಪಳದ ಕಡೆ ನಿಜಾಮರ ಸೀಮೆ, ಅಲ್ಲಿನ ಗೋರಿ ಬರಹಗಳ ಪಟ್ಟಿಯೇ ಬೇರೆ, ಕ್ರಾಫ್ಟನ್ ಎಂಬಾತ ಮಾಡಿದ್ದು, 1941ರಲ್ಲಿ ಹೈದರಾಬಾದಿನಲ್ಲಿ ಅಚ್ಚಾಗಿದ್ದು. ಮೊದಲು ಅದನ್ನು ನೋಡಿ, ಅದಕ್ಕೂ ಮೊದಲು ಅಲ್ಲಿ ಗುಂಡಿ ತೋಡುವವರು ಯಾರು ಅಂತ ವಿಚಾರಿಸಿ ಅಂತ ಹೇಳಿದೆ. ಪೊರಕೆ ಕಡ್ಡಿಯ ಕಥೆಯನ್ನೂ ಹೇಳಿದೆ. ಅವರು ನಕ್ಕರು. ಆಮೇಲೆ ಕಡ್ಡಿ ಎಷ್ಟು ದಪ್ಪ ಇರಬೇಕು ಅಂತ ಕೇಳಿದರು.

ಆಸಿಡ್ ಬಿದ್ದ ಕಲ್ಲು ಹಾಗೇ ಇದೆ. ಸುತ್ತಲಿನ ಇಸವಿ, ರಿಜಿಸ್ಟರು ಎಲ್ಲ ಇಟ್ಟುಕೊಂಡು ಅದು ಯಾರದು ಅಂತ ಪತ್ತೆ ಹಚ್ಚಲು ಅದೇ ಹುಡುಗ ಕೂತಿದ್ದಾನೆ. ಮೂರು ಹೆಸರಿಗೆ ಬಂದು ನಿಂತಿದ್ದಾನೆ. ಮೊನ್ನೆ ಮಳೆ ಬಿತ್ತು. ಸೋಜರ ಸಾಲಿನಲ್ಲಿ ಜಾಲಿ ಮತ್ತೆ ಮೊಣಕಾಲೆತ್ತರ ಬಂದಿದೆ. ಭಾನುವಾರಕ್ಕೆ ಮಚ್ಚು ಮಸೆಸಿ ಇಡಬೇಕು.